ಹಗೇವು ಮುಚ್ಚಿಸಿದವರಿಂದ ಉಳಿತಾಯದ ಉಪದೇಶ



ಕಳೆದ ಕಾರ್ತೀಕದಲ್ಲಿ ಹೊಳೆನರಸೀಪುರ ತಾಲ್ಲೂಕಿನ ನಮ್ಮೂರ ಹಾಲಿನ ಡೇರಿ ಮುಂದೆ ಶಾಮಿಯಾನ ಹಾಕಿ ಒಂದು ಸಭೆ ನಡೆಯಿತು. ಬ್ಯಾಂಕೊಂದರ ಸಾಹೇಬರು ಜೀಪಿನಲ್ಲಿ ಬಂದಿದ್ದರು. ಸಭೆಯ ವಿಷಯ: ರೈತ ಕುಟುಂಬಗಳು ದಿನನಿತ್ಯದ ಖರ್ಚಿನಲ್ಲಿ ಉಳಿತಾಯ ಮಾಡುವುದು ಹೇಗೆ. ಗಂಡಸರು ಕಟ್ಟೆ ಮೇಲೆ, ಹೆಂಗಸರು ಜಮಖಾನದ ಮೇಲೆ. ಸಾಹೇಬರು ಒಂದು ಗಂಟೆ ಮಾತಾಡಿದರು. ದಿನಕ್ಕೆರಡು ಸಲ ಹೋಟ್ಲಲ್ಲಿ ಟೀ ಕುಡಿಯಬೇಡಿ ಅಂದರು. ಹಬ್ಬಕ್ಕೆ ಹೊಸ ಬಟ್ಟೆ ಯಾಕೆ ಅಂದರು. ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟರೆ ಇಪ್ಪತ್ತು ವರ್ಷಕ್ಕೆ ಲಕ್ಷಾಂತರ ಆಗುತ್ತೆ ಅಂತ ಲೆಕ್ಕ ಬರೆದು ತೋರಿಸಿದರು. ಕೊನೆಗೆ ಹೆಂಗಸರ ಕಡೆ ತಿರುಗಿ, "ಅಮ್ಮಾ, ಮನೆ ಉಳಿಸೋದು ನಿಮ್ಮ ಕೈಲಿದೆ" ಅಂದರು.

ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು ನಿಂತು ಕೇಳಿದರು: "ಸ್ವಾಮಿ, ನಮ್ಮತ್ತೆ ಕಾಲದಲ್ಲಿ ನಮ್ಮ ಮನೆಗೆ ಎರಡು ಹಗೇವಿದ್ವು. ಬ್ಯಾಂಕಿನ ಪುಸ್ತಕ ಒಂದೂ ಇರ್ನಿಲ್ಲ. ಈಗ ಮನೇಲಿ ಐದು ಬ್ಯಾಂಕಿನ ಪುಸ್ತಕ ಅವೆ, ಹಗೇವು ಒಂದೂ ಇಲ್ಲ. ಉಳಿಸಾದು ಎಲ್ಲಿ ಸ್ವಾಮಿ?"

ಸಾಹೇಬರು ನಕ್ಕರು. ಜನವೂ ನಕ್ಕಿತು. ಕಾಫಿ ಬಂತು, ಸಭೆ ಮುಗಿಯಿತು. ಆದರೆ ಆ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆ ಉತ್ತರವನ್ನು ನಾವೇ ಹುಡುಕಬೇಕಾಗಿದೆ.

ಉಳಿತಾಯ ನಮಗೆ ಹೊಸದೇ?

ಹಗೇವು ಅಂದರೇನು ಅಂತ ಇವತ್ತಿನ ಹುಡುಗರಿಗೆ ಹೇಳಬೇಕಾಗಿದೆ. ನೆಲದೊಳಗೆ ಆಳವಾಗಿ ತೋಡಿದ ಗುಂಡಿ. ಹೊಟ್ಟೆ ಅಗಲ, ಬಾಯಿ ಕಿರಿದು. ಕಣದಲ್ಲಿ ಒಕ್ಕಿದ ರಾಗಿಯನ್ನು ಅದಕ್ಕೆ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ, ಹುಳ ಬೀಳುತ್ತಿರಲಿಲ್ಲ. ತೆಗೆಯುವಾಗ ಕೆಟ್ಟ ಗಾಳಿ ಇದೆಯೋ ಏನೋ ಅಂತ ಮೊದಲು ದೀಪ ಇಳಿಬಿಟ್ಟು ನೋಡಿ, ಆಮೇಲೆ ಆಳು ಇಳಿಯುತ್ತಿದ್ದ. ಒಂದು ವರ್ಷ ಮಳೆ ಹೋದರೂ ಆ ಮನೆ ಅಂಗಡಿಯವನ ಮುಂದೆ ಕೈಯೊಡ್ಡುತ್ತಿರಲಿಲ್ಲ. ಬೆಲೆ ಬಿದ್ದರೆ ಮಾರುತ್ತಿರಲಿಲ್ಲ. ಬೇಡ ಅನ್ನುವ ತಾಕತ್ತು ರೈತನ ಕೈಲಿತ್ತು. ಅದೇ ನಮ್ಮ ಉಳಿತಾಯ.

ಇನ್ನೊಂದು ಅಕ್ಕಡಿ ಸಾಲು. ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಹರಳು. ಬೇಳೆಕಾಳು, ಒಗ್ಗರಣೆಯ ಎಣ್ಣೆ, ದೀಪದ ಎಣ್ಣೆ ಎಲ್ಲ ಅದೇ ಹೊಲದಿಂದ ಮನೆಗೆ ಬರುತ್ತಿತ್ತು. ಸಂತೆಯಿಂದ ತರುತ್ತಿದ್ದದ್ದು ಉಪ್ಪು, ಬಟ್ಟೆ, ಹೊಗೆಸೊಪ್ಪು, ಒಂದಿಷ್ಟು ಬೆಲ್ಲ. ಆ ಕಾಲ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಜೀತ ಇತ್ತು, ಹಸಿವಿತ್ತು, ಹಗೇವಿಲ್ಲದ ಮನೆಗಳೇ ಹೆಚ್ಚಿದ್ದವು. ಆದರೆ ಭೂಮಿ ಇದ್ದವನ ಮನೆಯ ಅಡಿಗೆ ಖರ್ಚು ಅಂಗಡಿಯವನ ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ಏನಾಯಿತು? 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು, ನಾಲೆ ಬಂತು, ಭತ್ತ ಕಬ್ಬು ಬಂತು. ಹಾಸನದ ಕಡೆ ಆಲೂಗೆಡ್ಡೆ, ಅರಕಲಗೂಡು ರಾಮನಾಥಪುರದ ಕಡೆ ಹೊಗೆಸೊಪ್ಪು, ಹಳ್ಳಿಮೈಸೂರಿನ ಕಡೆ ಮುಸುಕಿನ ಜೋಳ, ಎಲ್ಲ ಕಡೆ ಶುಂಠಿ. ದುಡ್ಡಿನ ಬೆಳೆ ಬೇಡ ಅಂತಲ್ಲ. ನಾವೂ ಆಸೆಪಟ್ಟೇ ಹಾಕಿದ್ದೇವೆ. ಆದರೆ ದುಡ್ಡಿನ ಬೆಳೆಗೆ ದುಡ್ಡು ಬೇಕು. ಆ ದುಡ್ಡು ಸಾಲವಾಗಿ ಬಂತು. ಸಾಲಕ್ಕೆ ಗಡುವು ಬಂತು. ಗಡುವಿಗೆ ಕಟ್ಟಬೇಕಾದರೆ ಕಣದಿಂದಲೇ ಮಾಲು ಮಂಡಿಗೆ ಹೋಗಬೇಕು. ಹಗೇವಿಗೆ ಮಣ್ಣು ತುಂಬಿದ್ದು ಯಾವ ಜೆಸಿಬಿಯೂ ಅಲ್ಲ, ಈ ಗಡುವು. ಈಗ ಅದೇ ಗಡುವು ಬರೆಯುವವರು ಬಂದು ಉಳಿತಾಯ ಕಲಿಸುತ್ತೇವೆ ಅನ್ನುತ್ತಾರೆ!

ಟೀ ಲೆಕ್ಕ, ಕೊಬ್ಬರಿ ಲೆಕ್ಕ

ಸಾಹೇಬರ ಟೀ ಲೆಕ್ಕವನ್ನೇ ತಗೊಳ್ಳೋಣ. ಒಂದು ಟೀಗೆ 10 ರೂಪಾಯಿ, ದಿನಕ್ಕೆ ಎರಡು, 20 ರೂಪಾಯಿ. ವರ್ಷಕ್ಕೆ 7,300. ಸಣ್ಣದಲ್ಲ, ಒಪ್ಪೋಣ.

ಈಗ ಚನ್ನರಾಯಪಟ್ಟಣದ ತೆಂಗಿನ ರೈತನ ಲೆಕ್ಕ ನೋಡಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಆ ವರ್ಷ ಪೇಟೆಯಲ್ಲಿ ಅದು 8,000ದ ಆಸುಪಾಸಿಗೆ ಬಿತ್ತು. ಕ್ವಿಂಟಲಿಗೆ 3,750 ಹೋಯಿತು. ಹತ್ತು ಕ್ವಿಂಟಲ್ ಮಾರಿದವನಿಗೆ 37,500 ಖೋತಾ. ಇದನ್ನು ಟೀಯಲ್ಲಿ ಉಳಿಸಬೇಕಾದರೆ ಆ ರೈತ ಐದು ವರ್ಷಕ್ಕೂ ಮೇಲೆ ಹೋಟ್ಲ ಮೆಟ್ಟಿಲು ಹತ್ತಬಾರದು. ಒಂದು ಸುಗ್ಗಿಯ ನಷ್ಟಕ್ಕೆ ಐದು ವರ್ಷದ ಉಪವಾಸ! ಇದನ್ನು ಯಾವ ಸಾಹೇಬರೂ ಬರೆದು ತೋರಿಸಲ್ಲ.

2025ರಲ್ಲಿ ಕೊಬ್ಬರಿ 20 ಸಾವಿರ ದಾಟಿತಲ್ಲ ಅನ್ನಬಹುದು. ದಾಟಿತು, ನಿಜ. ಮರದಲ್ಲಿ ಕಾಯಿ ಕಡಿಮೆಯಾಗಿದ್ದಕ್ಕೇ ದಾಟಿತು. ಬೆಲೆ ಬಿದ್ದಾಗ ಅಟ್ಟದ ತುಂಬ ಕೊಬ್ಬರಿ, ಬೆಲೆ ಏರಿದಾಗ ಅಟ್ಟ ಖಾಲಿ. ಏರಿದ ಲಾಭ ಸಿಕ್ಕಿದ್ದು ಮಾಲು ಇಟ್ಟುಕೊಳ್ಳುವ ಶಕ್ತಿ ಇದ್ದವನಿಗೆ.

ಮೊಬೈಲ್ ಕಂಪನಿಗಳನ್ನು ನೋಡಿ. 2024ರ ಜುಲೈ ಮೊದಲ ವಾರದಲ್ಲಿ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ರೀಚಾರ್ಜ್ ದರ ಏರಿಸಿದವು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮನೇಲಿ ನಾಲ್ಕು ಫೋನಿದ್ದವನು ನಾಲ್ಕಕ್ಕೂ ಹೆಚ್ಚು ಕಟ್ಟಿದ. ಬಿಸ್ಕತ್ತಿನ ಪೊಟ್ಟಣದ ಬೆಲೆ ಐದೇ ರೂಪಾಯಿ, ಒಳಗೆ ಬಿಸ್ಕತ್ತು ಮಾತ್ರ ಕಡಿಮೆಯಾಗುತ್ತಾ ಬಂತು. ಅವರ ಮಾಲಿಗೆ ಅವರೇ ಬೆಲೆ ಕಟ್ಟುತ್ತಾರೆ. ನಮ್ಮ ಮಾಲಿಗೂ ಅವರೇ ಕಟ್ಟುತ್ತಾರೆ. ಮೇಲಿಂದ "ನೀವು ದುಂದು ಮಾಡ್ತೀರಿ" ಅನ್ನುವ ಮಾತು!

ಮಾರುವಾಗ ಮೂಟೆ, ಕೊಳ್ಳುವಾಗ ಪೊಟ್ಟಣ

ನಮ್ಮ ಮನೆಗಳ ದುಡ್ಡು ಸೋರುವ ತೂತು ಇಲ್ಲಿದೆ ನೋಡಿ. ಆಲೂಗೆಡ್ಡೆ ಬೆಳೆಗಾರನನ್ನೇ ತಗೊಳ್ಳಿ. ಮೇ ತಿಂಗಳಲ್ಲಿ ಹಾಸನದ ಮಾರುಕಟ್ಟೆಗೆ ಪಂಜಾಬಿನ ಜಲಂಧರಿನಿಂದ ಬೀಜದ ಗೆಡ್ಡೆ ಬರುತ್ತದೆ. ಬಹಳ ಮಂದಿ ಅದನ್ನು ಸಾಲದಲ್ಲೇ ಎತ್ತುತ್ತಾರೆ. ಮಳೆ ಜಾಸ್ತಿಯಾದರೆ ಅಂಗಮಾರಿ, ಔಷಧಿ, ಮತ್ತೆ ಸಾಲ. ಕಿತ್ತ ಗೆಡ್ಡೆ ಮಣ್ಣು ಒಣಗುವ ಮೊದಲೇ ಮೂಟೆ ಲೆಕ್ಕದಲ್ಲಿ ಹೋಗುತ್ತದೆ. ಆಲೂಗೆಡ್ಡೆಗೆ ಬೆಂಬಲ ಬೆಲೆ ಅನ್ನೋದೇ ಇಲ್ಲ. ಎರಡು ತಿಂಗಳು ಕಳೆದ ಮೇಲೆ ಅದೇ ರೈತ ಸಂತೆಯಲ್ಲಿ ಕೆಜಿ ಲೆಕ್ಕದಲ್ಲಿ ಗೆಡ್ಡೆ ಕೊಳ್ಳುತ್ತಾನೆ, ತಾನು ಮಾರಿದ ಎರಡರಷ್ಟು ಮೂರರಷ್ಟು ಕೊಟ್ಟು.

ರಾಗಿ ಮೂಟೆಗಟ್ಟಲೆ ಮಾರುತ್ತೇವೆ, ಮಗುವಿಗೆ ಅಂತ ಬಣ್ಣದ ಡಬ್ಬಿಯ ಪುಡಿ ತರುತ್ತೇವೆ. ಕೊಬ್ಬರಿ ಮಾರುತ್ತೇವೆ, ತಲೆಗೆ ಹಚ್ಚೋಕೆ ಬಾಟಲಿ ಎಣ್ಣೆ, ಬಾಣಲೆಗೆ ತಾಳೆ ಎಣ್ಣೆಯ ಪೊಟ್ಟಣ ಕೊಳ್ಳುತ್ತೇವೆ. ದೇಶ ಬಳಸುವ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಆ ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ ಹಡಗಿನಲ್ಲಿ ಬರುತ್ತದೆ. ಒಂದೂವರೆ ಕೆಜಿ ಒಳ್ಳೆ ಕೊಬ್ಬರಿಯಿಂದ ಸುಮಾರು ಒಂದು ಕೆಜಿ ಎಣ್ಣೆ ಇಳಿಯುತ್ತದೆ. 2023ರ 8,000ದ ಬೆಲೆಯಲ್ಲಿ ಆ ಕೊಬ್ಬರಿಯ ಬೆಲೆ 120 ರೂಪಾಯಿ, ಗಾಣದ ಕೂಲಿ ಬೇರೆ, ಹಿಂಡಿ ದನಕ್ಕಾಯಿತು. ಅದೇ ವರ್ಷ ನೀವು ಬಾಟಲಿ ಎಣ್ಣೆಗೆ ಎಷ್ಟು ಕೊಟ್ಟಿರಿ, ನೀವೇ ನೆನೆಸಿಕೊಳ್ಳಿ.

ಇದು ಬರೀ ನಮ್ಮೂರ ಕಥೆ ಅಂತ ತಿಳಿಯಬೇಡಿ. ಕೇಂದ್ರ ಸರ್ಕಾರದ 2022-23ರ ಮನೆಖರ್ಚಿನ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಟ್ಟು ಖರ್ಚಿನ ನೂರರಲ್ಲಿ ಧಾನ್ಯಕ್ಕೆ ಹೋಗುವುದು 5 ರೂಪಾಯಿಗೂ ತುಸು ಕಡಿಮೆ. ಪಾನೀಯ, ತಿಂಡಿ, ಪೊಟ್ಟಣದ ತಿನಿಸಿಗೆ ಹೋಗುವುದು ಒಂಬತ್ತೂವರೆ ರೂಪಾಯಿ. ಅನ್ನ ಮುದ್ದೆಯ ಎರಡರಷ್ಟು ಪೊಟ್ಟಣಕ್ಕೆ! ಸಾಹೇಬರು ಇಲ್ಲಿ ತುಸು ಸರಿ ಹೇಳಿದ್ದಾರೆ, ಒಪ್ಪಿಕೊಳ್ಳಬೇಕು. ಆದರೆ ಅದು ಹೆಂಗಸರ ಸೋಮಾರಿತನದಿಂದ ಆದದ್ದಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಹೊಲಕ್ಕೆ ಹೋಗಿ ಕಳೆ ಕಿತ್ತು ಬರುವವಳಿಗೆ ಹುರಿಹಿಟ್ಟು ಹುರಿಯೋಕೆ, ಬೀಸೋಕೆ ಕೈ ಎಲ್ಲಿದೆ?

ಉದ್ರಿ ಮತ್ತು ಕಂತು

ಅಂಗಡಿ ಉದ್ರಿ ಇನ್ನೊಂದು ತೂತು. "ಹೊಗೆಸೊಪ್ಪಿನ ದುಡ್ಡು ಬರಲಿ ಕಣಣ್ಣ, ಕೊಡ್ತೀನಿ" ಅಂತ ಅರಕಲಗೂಡಿನ ಕಡೆ ವರ್ಷಪೂರ್ತಿ ಸಾಮಾನು ತರುತ್ತಾರೆ. ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೇಲು ಮಾರಿದ ದುಡ್ಡು ಮನೆ ಹೊಸ್ತಿಲು ಕಾಣುವ ಮೊದಲೇ ಅಂಗಡಿಗೆ, ಗೊಬ್ಬರದವನಿಗೆ, ಸೌದೆಯವನಿಗೆ ಹಂಚಿಹೋಗಿರುತ್ತದೆ. ಉದ್ರಿಯವನಿಗೆ ಒಂದು ದರ, ನಗದಿಗೆ ಒಂದು ದರ. ತಿಂಗಳಿಗೆ 4,000 ರೂಪಾಯಿ ಸಾಮಾನಿಗೆ ನೂರಕ್ಕೆ ಐದು ಜಾಸ್ತಿ ಅಂತ ಹಿಡಿದರೂ ವರ್ಷಕ್ಕೆ 2,400. ಜೊತೆಗೆ ಬಾಯಿ ಮುಚ್ಚಿಕೊಂಡು ಕೊಟ್ಟ ತೂಕ ತಗೋಬೇಕು. ಬಾಕಿ ಇಟ್ಟವನು ತಕ್ಕಡಿ ನೋಡುವಂತಿಲ್ಲ.

ಕೈಸಾಲದ ಲೆಕ್ಕ ಇನ್ನೂ ಕೆಟ್ಟದ್ದು. ಮೂರು ರೂಪಾಯಿ ಬಡ್ಡಿ ಅಂತ ಹಗುರಾಗಿ ಅನ್ನುತ್ತೇವೆ. ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ಐವತ್ತು ಸಾವಿರಕ್ಕೆ ವರ್ಷಕ್ಕೆ 18,000. ಸೊಸೈಟಿಯಲ್ಲಿ ಗಡುವಿಗೆ ಕಟ್ಟಿದವನಿಗೆ ಬೆಳೆಸಾಲ ಬಡ್ಡಿಯಿಲ್ಲದೆ ಸಿಗುತ್ತದೆ. ಅದರ ಮಿತಿಯನ್ನು 2023ರಲ್ಲಿ ರಾಜ್ಯ ಸರ್ಕಾರ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಗಡುವಿನ ದಿನ ಕೈಲಿ ಕಾಸಿರದೆ, ಎಂಟು ದಿನಕ್ಕೆ ಅಂತ ಕೈಸಾಲ ತಂದು ಹಳೇದು ಕಟ್ಟಿ ಹೊಸದು ಎತ್ತುತ್ತೇವೆ. ಬಡ್ಡಿಯಿಲ್ಲದ ಸಾಲಕ್ಕೆ ಬಡ್ಡಿ ಕೊಡುವ ಬುದ್ಧಿವಂತರು ನಾವು!

ಇನ್ನು ಹೆಂಗಸರ ಹೆಸರಿನ ವಾರದ ಕಂತು. ಸಾಲಕ್ಕೆ ಬೆರಳೊತ್ತುವವಳು ಅವಳು. ದುಡ್ಡು ಹೋಗುವುದು ಬೋರಿಗೆ, ಶುಂಠಿ ಬೀಜಕ್ಕೆ, ಗಂಡಸಿನ ಬಾಕಿಗೆ. ಕಂತಿನವನು ಬಾಗಿಲಿಗೆ ಬಂದಾಗ ಗಂಡಸು ಹಿತ್ತಲಿಂದ ಹೊಲಕ್ಕೆ ಹೋಗುತ್ತಾನೆ, ಮಾತು ಕೇಳುವವಳು ಅವಳು. ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಂತೆ ಇಂಥ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅರ್ಧ! ಅಂದರೆ ಅರ್ಧ ಆದಾಯ ಕಂತಿಗೆ ಹೋದರೂ ಅದು ನಿಯಮಬದ್ಧ. ಉಳಿದ ಅರ್ಧದಲ್ಲಿ ಅವಳು "ಉಳಿತಾಯ" ಮಾಡಬೇಕು. ಕಿರುಕುಳ ತಾಳಲಾರದೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ಹೆಚ್ಚಿದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಕಾನೂನು ಬಾಗಿಲಿಗೆ ಬಂದವನನ್ನು ತಡೆದೀತು, ಬಾಗಿಲೊಳಗಿನ ಬಡತನವನ್ನು ತಡೆಯಲಾರದು.

ದುಂದೇ ಸಾಲಕ್ಕೆ ಕಾರಣ ಅಂದವರು

ರೈತನ ಸಾಲಕ್ಕೆ ಅವನ ದುಂದುಗಾರಿಕೆಯೇ ಕಾರಣ ಅನ್ನುವ ಮಾತು ಇವತ್ತಿನದಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಆಗಲೂ ಮದುವೆ ಹಬ್ಬಕ್ಕೆ ದುಂದು ಮಾಡಿ ಸಾಲಗಾರರಾದರು ಅಂತ ದೊಡ್ಡವರು ಅಂದರು. ಬ್ರಿಟಿಷ್ ಸರ್ಕಾರವೇ ನೇಮಿಸಿದ ಆಯೋಗ ವಿಚಾರಿಸಿ ನೋಡಿ, ಮದುವೆ ಖರ್ಚನ್ನು ಸಾಲದ ಕಾರಣವೆಂದು ಅತಿಯಾಗಿ ಎತ್ತಿ ಹೇಳಲಾಗಿದೆ ಎಂಬ ತೀರ್ಮಾನಕ್ಕೆ ಬಂತು. ನೂರೈವತ್ತು ವರ್ಷ ಆಯಿತು. ಪರಂಗಿಯವರಿಗೆ ಅರ್ಥವಾದದ್ದು ನಮ್ಮವರಿಗೆ ಇನ್ನೂ ಅರ್ಥವಾಗಿಲ್ಲ.

ಕೇಂದ್ರ ಸರ್ಕಾರದ್ದೇ 2019ರ ಸಮೀಕ್ಷೆಯಂತೆ ದೇಶದ ಒಂದು ರೈತ ಕುಟುಂಬದ ಸರಾಸರಿ ಆದಾಯ ತಿಂಗಳಿಗೆ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಸಂಬಳದಿಂದ ಬಂದದ್ದು 4,063. ಭೂಮಿ ಇದ್ದವನಿಗೆ ಭೂಮಿಗಿಂತ ಕೂಲಿಯೇ ಹೆಚ್ಚು ಕೊಡುತ್ತಿದೆ! ತಲೆಯ ಮೇಲಿನ ಸಾಲ ಸರಾಸರಿ 74,121. ಇದರಲ್ಲಿ ದುಂದು ಮಾಡೋಕೆ ಏನಿದೆ ಸ್ವಾಮಿ?

ಆದರೂ ನಮ್ಮ ತಪ್ಪು ನಮ್ಮದೇ

ಇಷ್ಟು ಹೇಳಿ ಮೀಸೆ ತಿರುವಿಕೊಂಡು ಕೂತರೆ ಅದು ಪ್ರಾಮಾಣಿಕತೆ ಅಲ್ಲ. ಸಾಹುಕಾರ ಸುಲಿಯುತ್ತಾನೆ ಅಂತ ಗೊತ್ತಿದ್ದೂ ಅವನ ಬಾಗಿಲಿಗೆ ನಾವೇ ಹೋಗುವ ಸಂದರ್ಭಗಳಿವೆ. ಮುಖ್ಯವಾದದ್ದು ಮದುವೆ. ಮದುವೆ ಒಂದು ಸಾಲದು ಅಂತ ಅದರ ಹಿಂದೆಯೇ ಬೀಗರ ಊಟ. ಹೆಣ್ಣಿನವರು ಛತ್ರಕ್ಕೆ ಸಾಲ ಮಾಡಿದರೆ ಗಂಡಿನವರು ಕುರಿಗೆ ಸಾಲ ಮಾಡುತ್ತಾರೆ. ಪಕ್ಕದ ಮನೆಯವನು ಎಂಟುನೂರು ಎಲೆ ಹಾಕಿಸಿದ, ನಾನು ಸಾವಿರ ಹಾಕಿಸಬೇಕು. ಮರುದಿನ ಎಲೆ ತಿಪ್ಪೆಗೆ, ಪತ್ರ ಸಾಹುಕಾರನ ಪೆಟ್ಟಿಗೆಗೆ.

ದಾರಿ ತೋರಿಸಿದವರು ನಮ್ಮಲ್ಲೇ ಇದ್ದರು. ಕುವೆಂಪು ಅವರು ಮಂತ್ರಮಾಂಗಲ್ಯ ರೂಪಿಸಿದರು. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ಹಾಗೆಯೇ ಸರಳವಾಗಿ ನಡೆಯಿತು. ಎಂಬತ್ತರ ದಶಕದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ ಹಸಿರು ಶಾಲು ಹೊದ್ದವರು ಸರಳ ಮದುವೆಯನ್ನು ಚಳವಳಿಯ ಭಾಗವಾಗಿಯೇ ಮಾಡಿದರು. ಅಪ್ಪಣೆಯಿಲ್ಲದೆ ವಸೂಲಿ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಹಳ್ಳಿ ಬಾಗಿಲಿಗೆ ಬೋರ್ಡು ಹಾಕಿದ ಕಾಲವೂ ಅದೇ. ಎರಡೂ ಒಂದೇ ಮಾತು: ಸಾಲಗಾರನಾಗಿ ತಲೆ ತಗ್ಗಿಸುವುದಿಲ್ಲ ಅನ್ನುವುದು. ಇವತ್ತು ಅದೇ ಶಾಲು ಹೊದ್ದು ಬೀಗರ ಊಟಕ್ಕೆ ಸಾವಿರ ಎಲೆ ಹಾಕಿಸುವವರಿದ್ದಾರೆ. ಆ ಶಾಲಿಗೆ ನಾಚಿಕೆಯಾಗಬೇಕು.

ಹಾಗಾದರೆ ಏನು ಮಾಡೋಣ?

ಉಪದೇಶ ಬೈದು ನಾನೂ ಉಪದೇಶ ಮಾಡಿದೆ ಅನ್ನಬೇಡಿ. ಈ ನಾಲ್ಕು ಕೆಲಸ ಈ ವರ್ಷವೇ ಶುರು ಮಾಡಬಹುದು.

ಒಂದು, ಅಡಿಗೆಮನೆಗೆ ಅಂತ ಜಮೀನಿನಲ್ಲಿ ಒಂದಿಷ್ಟು ಮೀಸಲಿಡಿ. ಅರ್ಧ ಎಕರೆಯಾದರೂ ಸರಿ, ರಾಗಿ ಹಾಕಿ ಅಕ್ಕಡಿ ಸಾಲು ಇಡಿ. ಬದುವಿನ ಮೇಲೆ ತೊಗರಿ, ತೆಂಗಿನ ಕೆಳಗೆ ಸೊಪ್ಪು ತರಕಾರಿ. ಮನೆಗೆ ಬೇಕಾದ ರಾಗಿ, ಕಾಳು, ಕೊಬ್ಬರಿ ಎತ್ತಿಟ್ಟ ಮೇಲೆ ಮಿಕ್ಕದ್ದು ಮಂಡಿಗೆ. ರಾಗಿಗೆ ಹಗೇವೇ ಬೇಕೆಂದಿಲ್ಲ, ಒಣಗಿಸಿದ ರಾಗಿಗೆ ತಗಡಿನ ಕಣಜ ಸಾಕು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886. ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವ ತಾಕತ್ತು ಕಣಜ ಇದ್ದವನಿಗೆ ಮಾತ್ರ.

ಎರಡು, ಉದ್ರಿ ಮುರಿಯಿರಿ. ಹತ್ತು ಮನೆಯವರು ಸೇರಿ ತಿಂಗಳಿಗೊಮ್ಮೆ ಬೇಳೆ, ಸಕ್ಕರೆ, ಸೋಪು, ಎಣ್ಣೆಯನ್ನು ಮೂಟೆ, ಪೆಟ್ಟಿಗೆ ಲೆಕ್ಕದಲ್ಲಿ ನಗದಿಗೆ ತನ್ನಿ. ಮಾರುವಾಗ ಮೂಟೆ ಆದ ಮೇಲೆ ಕೊಳ್ಳುವಾಗಲೂ ಮೂಟೆ ಆಗಲಿ.

ಮೂರು, ಹಾಲಿನ ಬಟವಾಡೆಯಲ್ಲಿ ಒಂದು ಪಾಲು ಸೊಸೈಟಿ ಗಡುವಿಗೆ ಅಂತಲೇ ಇಡಿ. ಮದುವೆಗೆ, ಬೀಗರ ಊಟಕ್ಕೆ ಸಾಲ ಮಾಡಕೂಡದು ಅಂತ ಊರೊಟ್ಟು ಕೂತು ತೀರ್ಮಾನ ಮಾಡಿ. ಒಬ್ಬನೇ ಬಿಟ್ಟರೆ ಜಿಪುಣ ಅಂತಾರೆ, ಊರೇ ಬಿಟ್ಟರೆ ಅದೇ ಪದ್ಧತಿ ಆಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಮನೆಗೊಂದು ಲೆಕ್ಕದ ಪುಸ್ತಕ ಇಡಿ. ಹೊಲದ ಖರ್ಚು ಒಂದು ಪುಟ, ಮನೆ ಖರ್ಚು ಎದುರು ಪುಟ. ಬರೆಯುವವರು ಮನೆಯ ಹೆಂಗಸರಾಗಲಿ, ಗಂಡಸರು ಹೋಟ್ಲ ಟೀ, ಬೀಡಿ, ಇಸ್ಪೀಟು ಮುಚ್ಚಿಡದೆ ಹೇಳಲಿ. ಯಾಕೆ ಅಂದರೆ, ಬೆಂಬಲ ಬೆಲೆ ನಿಗದಿ ಮಾಡುವಾಗ ದಿಲ್ಲಿಯವರು ಕೈಯಿಂದ ಹಾಕಿದ ಖರ್ಚು, ಮನೆಮಂದಿಯ ದುಡಿಮೆ, ಇಷ್ಟನ್ನು ಹಿಡಿದು ಅದರ ಒಂದೂವರೆಯಷ್ಟು ಕೊಟ್ಟೆವು ಅನ್ನುತ್ತಾರೆ. ಸ್ವಂತ ಭೂಮಿಯ ಗುತ್ತಿಗೆ, ಹೂಡಿದ ಬಂಡವಾಳದ ಬಡ್ಡಿ ಸೇರಿಸಿ ಕೊಡಿ ಅನ್ನುವುದು ಸ್ವಾಮಿನಾಥನ್ ಆಯೋಗದ ವರದಿ ಬಂದ ಕಾಲದಿಂದ ರೈತರು ಕೇಳುತ್ತಿರುವ ಮಾತು. ಬೆಳಗಿನ ನಾಲ್ಕೂವರೆಗೆ ಎದ್ದವಳ ದುಡಿಮೆಯನ್ನು ಅವರು ಎಷ್ಟಕ್ಕೆ ಹಿಡಿದರು? ಕೇಳೋಣ ಅಂದರೆ ನಮ್ಮ ಕೈಲಿ ಲೆಕ್ಕ ಇಲ್ಲ. "ಗಿಟ್ಟಲ್ಲ ಸ್ವಾಮಿ" ಅನ್ನುತ್ತೇವೆ, ಎಷ್ಟು ಗಿಟ್ಟಲ್ಲ ಅಂದರೆ ತಲೆ ಕೆರೆಯುತ್ತೇವೆ.

ನೂರು ಮನೆಯ ಲೆಕ್ಕದ ಪುಸ್ತಕ ಹೊತ್ತುಕೊಂಡು ಹಾಸನದ ಡಿ.ಸಿ. ಕಚೇರಿ ಮುಂದೆ ಕೂತರೆ, ಅದು ಘೋಷಣೆಗಿಂತ ಜೋರಾಗಿ ಕೂಗುತ್ತದೆ.

ಉಳಿಸೋಣ, ಬಂಧುಗಳೇ, ಖಂಡಿತ ಉಳಿಸೋಣ. ಆದರೆ ಉಳಿಸಿದ ಕಾಸು ಬಡ್ಡಿಯವನ ಗಲ್ಲಕ್ಕೆ ಬೀಳಬಾರದು. ಮಾಲು ಹಿಡಿದು ನಿಲ್ಲುವ ಬಲವಾಗಬೇಕು. ಬೆಲೆಯಿಲ್ಲದ ಬೆಳೆಯ ಮನೆಗೆ ಉಳಿತಾಯ ಕಲಿಸುವುದು ತಳವಿಲ್ಲದ ಕೊಡಕ್ಕೆ ನೀರು ಹಾಕುವ ಬುದ್ಧಿ ಕಲಿಸಿದ ಹಾಗೆ. ಮುಂದಿನ ಸಲ ಸಾಹೇಬರು ಶಾಮಿಯಾನ ಹಾಕಿಸಿದಾಗ ಹೋಗಿ, ಕಾಫಿಯನ್ನೂ ಕುಡಿಯಿರಿ. ಆಮೇಲೆ ನಿಮ್ಮ ಪುಸ್ತಕ ಮುಂದಿಟ್ಟು ಕೇಳಿ: "ಸ್ವಾಮಿ, ಇಲ್ಲಿ ನಾನು ಯಾವುದನ್ನು ಬಿಡಲಿ, ನೀವೇ ಗೆರೆ ಹಾಕಿ."

ಅವರ ಪೆನ್ನು ಎಲ್ಲಿ ನಿಲ್ಲುತ್ತದೋ ನೋಡೋಣ.